ಅಭಿಜಾತ ವಿದ್ಯೆಯ ಆಚಾರ

‘ಅಭಿಜಾತ’ವೆಂಬ ಶಬ್ದಕ್ಕೆ ಸತ್ಕುಲದಲ್ಲಿ ಜನಿಸಿದವನೆಂಬುದು ಮೂಲಾರ್ಥ. ಕಾಲದ ಪರೀಕ್ಷೆಯಲ್ಲಿ ಗೆದ್ದು ನಿಂತ ಸಾಹಿತ್ಯ ಸಂಗೀತಗಳಿಗೂ ಅದು ಮುಂದೆ ವಿಶೇಷಣವಾಯಿತು. ಆದರೆ ಕುಲವು ಹುಟ್ಟಿನಿಂದಲ್ಲ, ಆಚಾರದಿಂದ ಎಂಬುದು ಶರಣರ ನಿಲುವು. ವಿದ್ಯೆಯ ಕುಲವೂ ಅಂತೆಯೇ. ಹಳೆಯದನ್ನು ಹೊಗಳಿದ ಮಾತ್ರಕ್ಕೆ ಒಬ್ಬನು ಅಭಿಜಾತ ವಿದ್ಯೆಯ ಉಪಾಸಕನಾಗಲಾರನು. ಹಾಗಾದರೆ ಅವನ ಆಚಾರವಾವುದು?

ವಿದ್ವತ್ತಿನಲ್ಲಿ ಇದಕ್ಕೆ ಡಾ. ಫ. ಗು. ಹಳಕಟ್ಟಿಯವರು (1880–1964) ನಿದರ್ಶನ. ವೃತ್ತಿಯಿಂದ ಅವರು ವಕೀಲರು. ಮಠಮನೆಗಳ ಜಗಲಿಯ ಮೇಲೆ ವಿಭೂತಿ ಪತ್ರೆಗಳ ಪೂಜೆಗೊಳ್ಳುತ್ತಿದ್ದ ತಾಡವೋಲೆಯ ಕಟ್ಟುಗಳನ್ನು ಬೇಡಿ ತಂದು, ಓದಿ, ಪ್ರತಿಮಾಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣದ ವೆಚ್ಚಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು.

ಓಲೆಯನ್ನು ಓದುವುದು ಸುಲಭದ ಕಾರ್ಯವಲ್ಲ. ಅಲ್ಲಿ ಪದಪದಗಳ ನಡುವೆ ತೆರಪಿಲ್ಲ. ಎಕಾರ ಏಕಾರಗಳ ಭೇದವನ್ನು ಎಷ್ಟೋ ಓಲೆಗಳು ತೋರಿಸುವುದಿಲ್ಲ. ‘ಕೆಡು’ ಎಂಬುದೋ ‘ಕೇಡು’ ಎಂಬುದೋ ಸಂದರ್ಭದಿಂದಲೇ ತಿಳಿಯಬೇಕು. ಒಂದು ಪ್ರತಿಯಲ್ಲಿರುವ ಸಾಲು ಇನ್ನೊಂದರಲ್ಲಿ ಇರದು. ಆಗ ನಿಜವಾದ ವಿದ್ವಾಂಸನು ತನಗೆ ರುಚಿಸಿದ ಪಾಠವನ್ನು ಆರಿಸುವುದಿಲ್ಲ. ಪ್ರತಿಗಳು ಸಮರ್ಥಿಸುವುದನ್ನು ಮೇಲಿಟ್ಟು, ಉಳಿದುದನ್ನು ಪಾಠಾಂತರವೆಂದು ಅಡಿಯಲ್ಲಿ ತೋರಿಸುತ್ತಾನೆ. ಶರಣರ ಮಾತು ಒಪ್ಪಿಗೆಯಾಗದಿದ್ದರೆ ತನ್ನ ಅಭಿಪ್ರಾಯವನ್ನು ತನ್ನ ಹೆಸರಿನಲ್ಲಿಯೇ ಬರೆಯಲಿ. ತಾನು ತಿದ್ದಿದ ಮಾತಿಗೆ ಶರಣರ ಅಂಕಿತವನ್ನಿಡುವುದು ಅಪಚಾರ.

ಕಲೆಯಲ್ಲಿ ಮಲ್ಲಿಕಾರ್ಜುನ ಮನಸೂರರನ್ನು (1910–1992) ನೋಡಬಹುದು. ಧಾರವಾಡದ ಸಮೀಪದ ಮನಸೂರಿನವರಾದ ಇವರು ನೀಲಕಂಠಬುವಾ ಅವರಲ್ಲಿ ಕಲಿತರು. ಗ್ರಾಮಾಫೋನ್ ತಟ್ಟೆಗಳಿಂದ ಹೆಸರಾದ ಮೇಲೆಯೂ ಮತ್ತೆ ಶಿಷ್ಯರಾಗಿ, ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನರಲ್ಲಿ, ಅವರ ತರುವಾಯ ಅವರ ತಮ್ಮ ಭೂರ್ಜೀಖಾನರಲ್ಲಿ ಸಾಧನೆ ನಡೆಸಿದರು. ಜಾತಿ ಮತಗಳು ಆ ಗುರುಶಿಷ್ಯಸಂಬಂಧಕ್ಕೆ ಅಡ್ಡಬರಲಿಲ್ಲ. ರಾಗದ ಆರೋಹ ಅವರೋಹಗಳ ಕಟ್ಟನ್ನು ಮೀರದೆ, ಆ ಕಟ್ಟಿನೊಳಗೇ ಪ್ರತಿಸಲವೂ ಹೊಸ ದಾರಿಯನ್ನು ಕಂಡುಕೊಳ್ಳುವುದು ಅವರ ಗಾಯನದ ರೀತಿ. ಆ ಕಂಠದಿಂದಲೇ ಅವರು ವಚನಗಳನ್ನೂ ಹಾಡಿದರು.

ಈ ಇಬ್ಬರಲ್ಲಿ ಕಾಣುವ ಆಚಾರ ಒಂದೇ: ವಿನಯದಿಂದ ಸ್ವೀಕರಿಸುವುದು, ಶ್ರಮದಿಂದ ಪರೀಕ್ಷಿಸುವುದು, ಕೆಡಿಸದೆ ಮುಂದಿನವರಿಗೆ ಒಪ್ಪಿಸುವುದು. ಪರೀಕ್ಷೆಯಿಲ್ಲದ ಭಕ್ತಿಯಲ್ಲಿ ಪ್ರತಿಕಾರನ ತಪ್ಪೂ ಪೂಜೆಗೊಳ್ಳುತ್ತದೆ. ವಿನಯವಿಲ್ಲದ ಪಾಂಡಿತ್ಯದಲ್ಲಿ ಮೂಲವೇ ಅಳಿಯುತ್ತದೆ.

ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಸದ್ಭಕ್ತರು ತಿಳಿಯಬಾರದು. ಮನೆಯಲ್ಲಿ ಹಿರಿಯರ ಕಾಲದ ಓಲೆಯ ಕಟ್ಟಾಗಲಿ, ಕೈಬರಹದ ಹೊತ್ತಗೆಯಾಗಲಿ ಇದ್ದರೆ ಅದನ್ನು ಹೊಳೆಗೆ ಬಿಡದೆ, ಗೆದ್ದಲಿಗೆ ಒಪ್ಪಿಸದೆ, ಬಲ್ಲವರಿಂದ ಓದಿಸಬೇಕು. ಮಕ್ಕಳಿಗೆ ವಚನವನ್ನು ಕಲಿಸುವಾಗ ಅಕ್ಷರ ತಪ್ಪದಂತೆ ಕಲಿಸಿ, ಅರ್ಥವನ್ನು ಕೇಳಲು ಬಿಡಬೇಕು. ಇಷ್ಟನ್ನು ಪ್ರತಿಯೊಬ್ಬ ಗೃಹಸ್ಥನೂ ಮಾಡಬಲ್ಲನು.