ಇಬ್ಬರು ಸೇರಿ ಒಂದು ಚಿತ್ರಕಥೆ ಬರೆಯೋದು ಹೇಗೆ?

ಮಕ್ಕಳೇ, "ಅಂಕಲ್, ನಾವೂ ಒಂದು ಶಾರ್ಟ್ ಫಿಲ್ಮ್ ಮಾಡ್ತೀವಿ" ಅಂತ ಈ ವರ್ಷ ನಿಮ್ಮಲ್ಲಿ ಹಲವರು ಕೇಳಿದಿರಿ. ಅದೇ ಉಸಿರಿನಲ್ಲಿ "ಆದ್ರೆ ಟೈಮೇ ಇಲ್ಲ" ಅಂತಲೂ ಹೇಳಿದಿರಿ. ಎರಡೂ ನಿಜ. ವಾರವಿಡೀ ಶಾಲೆ, ಸಂಜೆ ಟ್ಯೂಷನ್, ಮಾರ್ಚ್ ಬಂದರೆ ಪರೀಕ್ಷೆ. ಅಪ್ಪ ಅಮ್ಮಂದಿರಲ್ಲಿ ಕೆಲವರು ಕೆಲಸಕ್ಕೆಂದು ದಿನವೂ ದುಬೈಗೋ ಅಬುಧಾಬಿಗೋ ಕಾರು ಓಡಿಸುವವರು. ಹಾಗಾಗಿ ಸಮಯ ಇಲ್ಲದವರು ಜೊತೆಯಾಗಿ ಬರೆಯೋದು ಹೇಗೆ ಅನ್ನೋದೇ ಈ ಪಾಠ.

ಮೊದಲು, ಕಥೆಗೂ ಚಿತ್ರಕಥೆಗೂ ಏನು ವ್ಯತ್ಯಾಸ? ಕಥೆಯಲ್ಲಿ "ಅಜ್ಜಿಗೆ ಬೇಸರವಾಯಿತು" ಅಂತ ಬರೆಯಬಹುದು. ಕ್ಯಾಮೆರಾಕ್ಕೆ ಬೇಸರ ಕಾಣಿಸೋದಿಲ್ಲ. ಅದಕ್ಕೆ ಕಾಣೋದು ಇಷ್ಟು:

ಒಳಗೆ. ಅಡುಗೆಮನೆ. ಸಂಜೆ.
ಅಜ್ಜಿ ಫೋನ್ ಕೆಳಗಿಡುತ್ತಾಳೆ. ಕಟ್ಟೆಯ ಮೇಲೆ ಎರಡು ಲೋಟ ಕಾಫಿ. ಒಂದನ್ನು ಮತ್ತೆ ಪಾತ್ರೆಗೆ ಸುರಿಯುತ್ತಾಳೆ.

ಬೇಸರ ಅನ್ನೋ ಪದ ಬರಲೇ ಇಲ್ಲ, ಆದರೂ ಗೊತ್ತಾಯ್ತು ಅಲ್ವಾ? ಪ್ರತಿ ದೃಶ್ಯದ ತಲೆಯ ಮೇಲೆ ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು ಅಂತ ಬರೆಯಬೇಕು. ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಐದು ನಿಮಿಷದ ಚಿತ್ರಕ್ಕೆ ಐದೇ ಪುಟ! ನಿಮ್ಮ ಸೈನ್ಸ್ ಪ್ರಾಜೆಕ್ಟ್ ಇದಕ್ಕಿಂತ ಉದ್ದ ಇರುತ್ತೆ.

ಈಗ ಇಬ್ಬರು ಸೇರಿ ಬರೆದ ಒಂದು ಕನ್ನಡ ಚಿತ್ರ ನೋಡೋಣ. 'ತಿಥಿ' ಚಿತ್ರವನ್ನು ಬರೆದವರು ರಾಮ್ ರೆಡ್ಡಿ ಮತ್ತು ಈರೇಗೌಡ. ರಾಮ್ ರೆಡ್ಡಿ ಬೆಂಗಳೂರಿನವರು, ನಿರ್ದೇಶಕರು. ಈರೇಗೌಡರದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ಚಿತ್ರೀಕರಣ ನಡೆದದ್ದೂ ಆ ಊರಿನ ಕಡೆಯೇ. ಪಾತ್ರ ಮಾಡಿದವರು ವೃತ್ತಿ ನಟರಲ್ಲ, ಹಳ್ಳಿಯ ಜನ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂತು.

ಕಥೆ ಏನು ಗೊತ್ತಾ? 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹನ್ನೊಂದನೇ ದಿನ ತಿಥಿ. ಅಷ್ಟರೊಳಗೆ ಮಗ, ಮೊಮ್ಮಗ, ಮರಿಮಗ ಮೂವರದೂ ಮೂರು ದಾರಿ. ಮಗ ಗಡ್ಡಪ್ಪನಿಗೆ ಊರೂರು ಅಲೆಯೋದೇ ಇಷ್ಟ, ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು, ಮರಿಮಗ ಅಭಿಗೆ ಒಬ್ಬ ಹುಡುಗಿಯ ಹಿಂದೆ ಸುತ್ತಬೇಕು. ಹನ್ನೊಂದು ದಿನ ಅನ್ನೋ ಗಡುವು ಇರೋದರಿಂದ ಕಥೆ ಎಲ್ಲೂ ನಿಲ್ಲೋದಿಲ್ಲ. ನಿಮ್ಮ ಕಥೆಗೂ ಒಂದು ಗಡುವು ಕೊಡಿ. "ಫ್ಲೈಟ್ ನಾಳೆ ಬೆಳಿಗ್ಗೆ" ಅಂದರೂ ಸಾಕು. ಇನ್ನೊಂದು ವಿಷಯ: ಆ ಮಾತು, ಆ ಗತ್ತು ಊರು ಬಲ್ಲವರಿಂದ ಮಾತ್ರ ಬರುವಂಥದ್ದು. ಜೊತೆಗಾರನನ್ನು ಆರಿಸುವಾಗ ನಿಮ್ಮಂತೆಯೇ ಇರುವವನನ್ನು ಹುಡುಕಬೇಡಿ, ನಿಮಗೆ ಗೊತ್ತಿಲ್ಲದ್ದು ಗೊತ್ತಿರುವವನನ್ನು ಹುಡುಕಿ.

ಹಾಗಾದರೆ ಕೆಲಸ ಹಂಚಿಕೊಳ್ಳೋದು ಹೇಗೆ? ಅಲ್ ಐನ್ ಓಯಸಿಸ್‌ನಲ್ಲಿ ಖರ್ಜೂರದ ಮರಗಳ ನಡುವೆ ಫಲಜ್ ಕಾಲುವೆ ನೋಡಿದ್ದೀರಲ್ಲ? ನೀರು ಕಡಿಮೆ, ತೋಟ ಹೆಚ್ಚು. ಅದಕ್ಕೇ ಇಲ್ಲಿನವರು ಹಿಂದಿನಿಂದಲೂ ನೀರನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಂಡರು. ಒಂದು ತೋಟದ ಸರದಿ ಮುಗಿದ ಮೇಲೆ ಇನ್ನೊಂದಕ್ಕೆ. ಚಿತ್ರಕಥೆಯನ್ನೂ ಹಾಗೇ ಸರದಿಯಲ್ಲಿ ಬಿಡಿ. ಭಾನುವಾರದಿಂದ ಮಂಗಳವಾರದವರೆಗೆ ಒಬ್ಬರ ಕೈಯಲ್ಲಿ, ಬುಧವಾರದಿಂದ ಶುಕ್ರವಾರ ಇನ್ನೊಬ್ಬರ ಕೈಯಲ್ಲಿ, ಶನಿವಾರ ಇಬ್ಬರೂ ಕೂತು ಗಟ್ಟಿಯಾಗಿ ಓದೋದು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇಬ್ಬರು ಒಂದೇ ಸಾಲನ್ನು ಒಂದೇ ಸಲ ಬದಲಿಸಿದರೆ ಕಂಪ್ಯೂಟರ್ ತಕರಾರು ತೆಗೆಯುತ್ತೆ. ಗೆಳೆಯರ ನಡುವೆ ತಕರಾರು ಇನ್ನೂ ಜೋರು. ಗೆಳತಿ ಬರೆದ ಸಾಲು ಹಿಡಿಸದಿದ್ದರೆ ಅಳಿಸಬೇಡಿ, ಪಕ್ಕದಲ್ಲಿ ನಿಮ್ಮದನ್ನು ಬರೆದು ಶನಿವಾರ ಎರಡನ್ನೂ ಓದಿ. ಯಾವುದು ಚೆನ್ನಾಗಿದೆ ಅಂತ ಕಿವಿಗೇ ಗೊತ್ತಾಗುತ್ತೆ.

ನಮ್ಮ ತರಗತಿಯ ಇಬ್ಬರು ಹುಡುಗಿಯರು ಹೀಗೇ ಬರೆಯುತ್ತಿದ್ದಾರೆ. ಒಬ್ಬಳು ಹತ್ತನೇ ಕ್ಲಾಸು, ಒಬ್ಬಳು ಎಂಟು. ಫೋನಿನಲ್ಲಿ ಮೊಮ್ಮಗಳ ಹೆಸರನ್ನೇ ಮರೆಯತೊಡಗಿದ ಅಜ್ಜಿಯ ಕಥೆ. ಅದು ಚಿಕ್ಕವಳ ಸ್ವಂತ ಅಜ್ಜಿ, ಇರೋದು ಧಾರವಾಡದಲ್ಲಿ. ಹುಡುಗಿಯರು ಅಜ್ಜಿಯ ಮಾತು ಬರೆದರು: "ನಾನು ನಿನ್ನನ್ನು ತುಂಬಾ ಮಿಸ್ ಮಾಡಿಕೊಳ್ಳುತ್ತಿದ್ದೇನೆ." ಫೋನಿನಲ್ಲಿ ಓದಿ ಹೇಳಿದರೆ ಅಜ್ಜಿ ನಕ್ಕುಬಿಟ್ಟರಂತೆ. "ಹಂಗ ಯಾರ್ ಅಂತಾರವಾ? 'ಯಾವಾಗ ಬರ್ತಿ' ಅಂತೀನಿ, ಅಷ್ಟ." ಇಡೀ ಚಿತ್ರಕಥೆಯಲ್ಲಿ ಅದಕ್ಕಿಂತ ಒಳ್ಳೆ ಸಾಲು ಇನ್ನೂ ಬಂದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ದೊಡ್ಡವಳು "ಏಪ್ರಿಲ್‌ಗೆ ಮುಂದುವರಿಸೋಣ" ಅಂದಳು. ಚಿಕ್ಕವಳು ಒಪ್ಪಲಿಲ್ಲ. "ಏಪ್ರಿಲ್‌ಗೆ ಅಜ್ಜಿಗೆ ಎಷ್ಟು ನೆನಪಿರುತ್ತೋ ಯಾರಿಗೆ ಗೊತ್ತು?" ಈಗ ದೊಡ್ಡವಳ ಸರದಿ ವಾರಕ್ಕೆ ನಲವತ್ತು ನಿಮಿಷ, ಶುಕ್ರವಾರ ಮಧ್ಯಾಹ್ನ ಮಾತ್ರ. ಉಳಿದದ್ದು ಚಿಕ್ಕವಳದು. ಅಜ್ಜಿಗೆ ಫೋನ್ ಮಾಡೋದು ಸಂಜೆ ಐದಕ್ಕೆ, ಧಾರವಾಡದಲ್ಲಿ ಆಗ ಆರೂವರೆ. ಅಜ್ಜಿ ಹೇಳಿದ್ದೆಲ್ಲ ನೋಟ್‌ಬುಕ್ಕಿಗೆ ಹೋಗುತ್ತೆ, ಚಿತ್ರಕ್ಕೆ ಬೇಕೋ ಬೇಡವೋ ಆಮೇಲಿನ ಮಾತು.

ಪೋಷಕರೇ, ನಿಮಗೊಂದು ಮಾತು. ಆ ನಲವತ್ತು ನಿಮಿಷವನ್ನು ಕ್ಯಾಲೆಂಡರಿನಲ್ಲಿ ಟ್ಯೂಷನ್ ತರಹವೇ ಬರೆದಿಡಿ, ಆದರೆ ಸಂಭಾಷಣೆ ನೀವು ಬರೆದುಕೊಡಬೇಡಿ. ಮಕ್ಕಳ ಕನ್ನಡ ತಪ್ಪಿದ್ದರೂ ಅವರದೇ ಇರಲಿ. ಇನ್ನು ಕಥೆಯನ್ನು ಮನೆ, ಬಾಲ್ಕನಿ, ಕಾರಿನೊಳಗೇ ಇಟ್ಟುಕೊಳ್ಳೋದು ಜಾಣತನ. ಇಲ್ಲಿ ಒಪ್ಪಿಗೆಯಿಲ್ಲದೆ ಬೇರೆಯವರನ್ನು ಚಿತ್ರೀಕರಿಸುವಂತಿಲ್ಲ. ಬೇಸಿಗೆಯಲ್ಲಿ ಹೊರಗೆ ನಿಲ್ಲೋಕೂ ಆಗೋಲ್ಲ ಬಿಡಿ.

ಕೊನೆಗೆ ಜಗಳ ಬರೋದು ಹೆಸರಿನ ವಿಷಯದಲ್ಲಿ. ಹೆಚ್ಚು ಪುಟ ಬರೆದವರ ಹೆಸರು ಮೊದಲಾ? ಬೇಡ. ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ, ವರ್ಣಮಾಲೆಯ ಕ್ರಮದಲ್ಲಿ, ಬರೆಯೋಕೆ ಶುರು ಮಾಡುವ ಮೊದಲೇ ಹಾಕಿಬಿಡಿ. ಸಿಟ್ಟು ಬಂದರೆ ಕೇಶಿರಾಜನ ಮೇಲೆ ಬರಲಿ! ಮೊದಲ ಪುಟ ಬರೆದವರು ಮುಂದಿನ ಶನಿವಾರ ತರಗತಿಗೆ ತನ್ನಿ, ಎಲ್ಲರೂ ಸೇರಿ ಓದೋಣ.