ನಾಟಕದಲ್ಲಿ ಯಾರಿಗೆ ಪಾತ್ರ?



ಶಾಲೆಗೆ ನಾಟಕ ಕಲಿಸುವ ಮೇಷ್ಟ್ರು ಬಂದರೆ "ಪಾಠದ ಹೊತ್ತು ಹಾಳು" ಎನ್ನುವವರಿದ್ದಾರೆ. ಈ ಮಾತು ಸರಿಯೇ?

ನಾಟಕ ಕಲಿಸುವುದೂ ಕಲಿತು ಮಾಡಬೇಕಾದ ಕೆಲಸ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ಬೆಳೆಸಿದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. 1989ರಲ್ಲಿ ಆರಂಭವಾದ ಮೈಸೂರಿನ ರಂಗಾಯಣ, ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ 'ಚಿಣ್ಣರ ಮೇಳ' ನಡೆಸುತ್ತ ಬಂದಿದೆ. ಇಂಥ ಕಡೆ ಪಳಗಿದವರು ಶಾಲೆಗೆ ಬಂದಾಗ ಮೊದಲ ದಿನವೇ ಮಾತು ಬಾಯಿಪಾಠ ಮಾಡಿಸುವುದಿಲ್ಲ. ಮಕ್ಕಳನ್ನು ದುಂಡಗೆ ನಿಲ್ಲಿಸಿ ಆಡಿಸುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವಂತೆ ಮಾಡುತ್ತಾರೆ.

ನಮ್ಮ ಆಲ್ದೂರಿನಂಥ ಊರಿನಲ್ಲಿ ಇದರ ಬೆಲೆ ದೊಡ್ಡದು. ತೋಟದ ಲೈನುಗಳಿಂದ ಬರುವ ಕೆಲವು ಮಕ್ಕಳ ಮನೆಮಾತು ತಮಿಳು ಅಥವಾ ತುಳು. ಕನ್ನಡ ತಪ್ಪೀತೆಂಬ ಅಂಜಿಕೆಯಿಂದ ಅವರು ತರಗತಿಯಲ್ಲಿ ಬಾಯಿ ತೆರೆಯರು. ವಾರ್ಷಿಕೋತ್ಸವದಲ್ಲಿ ಚುರುಕಾದ ಮಗುವಿಗೆ ರಾಜನ ಪಾತ್ರ. ಇವರಿಗೆ ಪರದೆ ಎಳೆಯುವ ಕೆಲಸ. ಒಳ್ಳೆಯ ರಂಗಶಿಕ್ಷಕರು ಇಂಥ ಮಗುವಿಗೇ ಮೊದಲು ಜಾಗ ಮಾಡಿಕೊಡುತ್ತಾರೆ. ಚಪ್ಪಾಳೆ ಕಡಿಮೆಯಾದರೂ ಸರಿ, ಮಗು ತಲೆಯೆತ್ತಿ ಮಾತಾಡಬೇಕು.

ತಮ್ಮಲ್ಲಿ ಯಾರು ದೊಡ್ಡವರೆಂದು ಶಿಷ್ಯರು ವಾದಿಸಿದಾಗ ಯೇಸುಸ್ವಾಮಿ ಒಂದು ಮಗುವನ್ನು ಅವರ ನಡುವೆ ನಿಲ್ಲಿಸಿದರು (ಮಾರ್ಕ 9:36). ಅಂಚಿನಲ್ಲಿದ್ದ ಮಗು ನಡುವಿಗೆ ಬಂತು. ರಂಗಶಿಕ್ಷಕರು ಮಾಡುವುದೂ ಇದನ್ನೇ.

ಸಂತ ಎರಡನೇ ಜಾನ್ ಪಾಲರು ಯುವಕರಾಗಿದ್ದಾಗ, 1941ರಿಂದ, ನಾಜಿಗಳ ಕಣ್ತಪ್ಪಿಸಿ ಕ್ರಾಕೋವಿನ ಮನೆಗಳಲ್ಲಿ ನಾಟಕವಾಡಿದರು. ಪೋಪರಾಗಿ 1999ರಲ್ಲಿ ಕಲಾವಿದರಿಗೆಂದೇ ಪತ್ರ ಬರೆದರು. ನಾಟಕ ಭಕ್ತಿಗೆ ಹೊರಗಿನದಲ್ಲ.

ಆದ್ದರಿಂದ ಕಾಫಿ ಕೊಯ್ಲಿನ ದಿನಗಳಾದರೂ ಆ ಒಂದು ಸಂಜೆ ಶಾಲೆಗೆ ಬನ್ನಿ. ಮಗುವನ್ನು "ನಿನಗೆ ಯಾವ ಪಾತ್ರ?" ಎಂದಷ್ಟೇ ಕೇಳಬೇಡಿ, "ನಿಮ್ಮ ಗುಂಪಿನಲ್ಲಿ ಯಾರಿಗೆ ಪಾತ್ರ ಸಿಗಲಿಲ್ಲ?" ಎಂದೂ ಕೇಳಿ.