ಹಿತ್ತಿಲಿನ ಕೋಳಿಗಳಿಗೆ ಗೂಡು ಮತ್ತು ಅಂಗಳದ ಅಳತೆ

ಹಿತ್ತಿಲಿನಲ್ಲಿ ಹತ್ತಿಪ್ಪತ್ತು ಕೋಳಿಗಳನ್ನು ಸಾಕಬೇಕೆಂದಿರುವ ರೈತರು ಮೊದಲು ವಿಚಾರಿಸುವುದು ತಳಿಯ ವಿಷಯವನ್ನು. ಅನಂತರ ಆಹಾರದ ವಿಷಯವನ್ನು. ಕೋಳಿಗಳು ಸಾಯತೊಡಗಿದ ಮೇಲೆ ಔಷಧದ ವಿಷಯವನ್ನು. ಗೂಡಿನ ಉದ್ದಗಲಗಳು ಎಷ್ಟಿರಬೇಕೆಂದು ಕೇಳುವವರು ಬಹು ವಿರಳ. ಇದರಲ್ಲಿ ಕೇಳದಿರುವವರ ತಪ್ಪಿಗಿಂತಲೂ ತಾವಾಗಿ ಹೇಳದಿರುವವರ ತಪ್ಪೇ ಹೆಚ್ಚೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಈ ಲೇಖಕನೇ ಅಂಥ ತಪ್ಪನ್ನು ಮಾಡಿದವನಾದುದರಿಂದ ಆ ಸಂಗತಿಯನ್ನು ಮೊದಲು ತಿಳಿಸುವುದು ಉಚಿತವಾಗಿ ತೋರುತ್ತದೆ.

ಮಲೆನಾಡಿನ ಅಂಚಿನ ಒಂದು ಗ್ರಾಮದಲ್ಲಿ ಒಬ್ಬ ಹೆಣ್ಣುಮಗಳು ಐದು ನಾಟಿ ಹೇಂಟೆಗಳನ್ನು ಸಾಕಿಕೊಂಡು, ಮೊಟ್ಟೆ ಮಾರಿ ಬಂದ ಹಣದಿಂದ ಮಗಳ ಶಾಲೆಯ ಖರ್ಚನ್ನು ನಡೆಸುತ್ತಿದ್ದಳು. ಆಕೆಯ ಗೂಡು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ್ದು. ಐದು ಕೋಳಿಗಳು ರಾತ್ರಿ ತಂಗುವುದಕ್ಕೆ ಧಾರಾಳವಾಗಿತ್ತು. ಬೇಸಗೆಯ ಕೊನೆಯಲ್ಲಿ ಆಕೆಗೆ ಆರು ವಾರದ ಇಪ್ಪತ್ತು ಗಿರಿರಾಜ ಮರಿಗಳನ್ನು ಕೊಳ್ಳುವಂತೆ ನಾನು ಸಲಹೆಯಿತ್ತೆನು. ಗೂಡನ್ನು ಕಣ್ಣಾರೆ ಕಂಡಿದ್ದರೂ ಅಳೆಯಲಿಲ್ಲ. ಮರಿಗಳು ಹಗಲೆಲ್ಲ ಹಿತ್ತಿಲಿನಲ್ಲಿ ಮೇಯ್ದು ಸಂಜೆ ಒಳಗೆ ಸೇರುತ್ತಿದ್ದುವು. ತಿಂಗಳೊಂದರ ಕಾಲ ಯಾವ ತೊಂದರೆಯೂ ಕಾಣಲಿಲ್ಲ. ಆಮೇಲೆ ಮಳೆ ಹಿಡಿಯಿತು. ಒಂಬತ್ತು ದಿನ ಬಿಡದೆ ಸುರಿದ ಮಳೆಯಲ್ಲಿ ಕೋಳಿಗಳನ್ನು ಹೊರಗೆ ಬಿಡುವಂತಿರಲಿಲ್ಲ. ಹನ್ನೆರಡು ಚದರ ಅಡಿಯಲ್ಲಿ ಇಪ್ಪತ್ತೈದು ಕೋಳಿಗಳು. ಅಂದರೆ ಒಂದೊಂದಕ್ಕೆ ಅರ್ಧ ಚದರ ಅಡಿಗೂ ಕಡಮೆ. ನೆಲವು ಕೆಸರಾಯಿತು, ಹಿಕ್ಕೆ ರಕ್ತಮಯವಾಯಿತು, ಕೆಲವು ಕೋಳಿಗಳು ಒಂದನ್ನೊಂದು ಕುಕ್ಕಿ ಗಾಯಗೊಳಿಸಿದುವು. ಮಳೆ ಹೊಳವಾಗುವಷ್ಟರಲ್ಲಿ ಹನ್ನೊಂದು ಸತ್ತಿದ್ದುವು. ಆ ವರ್ಷದ ಶಾಲೆಯ ಹಣವನ್ನು ಆಕೆ ಬೇರೆ ಕಡೆ ಸಾಲ ತಂದಳು.

ಇದರಿಂದ ತಿಳಿಯಬೇಕಾದುದೇನೆಂದರೆ, ಗೂಡನ್ನು ಒಳ್ಳೆಯ ದಿನಕ್ಕಾಗಿ ಅಳೆಯದೆ, ಕೋಳಿಗಳನ್ನು ಹೊರಗೆ ಬಿಡಲಾಗದ ದಿನಕ್ಕಾಗಿ ಅಳೆಯತಕ್ಕದ್ದು. ಅಂಥ ದಿನಗಳು ಮಳೆಗಾಲದಲ್ಲಿ ಮಾತ್ರ ಬರುವುವೆಂದು ಎಣಿಸಬಾರದು. ನೆರೆಯ ಹೊಲದಲ್ಲಿ ರಾಗಿ ಬಿತ್ತಿದ ವಾರ, ಸುತ್ತಿನ ಗ್ರಾಮಗಳಲ್ಲಿ ಕೊಕ್ಕರೆ ರೋಗ ಕಾಣಿಸಿದ ವಾರ, ಕಾಡುಬೆಕ್ಕೋ ಮುಂಗುಸಿಯೋ ಹಿತ್ತಿಲಿಗೆ ರುಚಿ ಹತ್ತಿದ ವಾರ, ಇವೆಲ್ಲವೂ ಕೂಡಿಹಾಕಲೇಬೇಕಾದ ದಿನಗಳೇ. ಎರಡನೆಯದಾಗಿ, ಮರಿಯ ಗಾತ್ರವನ್ನು ನೋಡಿ ಲೆಕ್ಕ ಹಾಕಬಾರದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಹೊರಬಂದ ಗಿರಿರಾಜ ತಳಿಯ ಹೇಂಟೆಯು ಪೂರ್ತಿ ಬೆಳೆದಾಗ ನಾಟಿ ಹೇಂಟೆಯ ಸುಮಾರು ಎರಡು ಪಾಲು ತೂಗುತ್ತದೆ. ಮರಿಗಳು ಬೆಳೆಯುತ್ತವೆ, ಗೂಡು ಬೆಳೆಯುವುದಿಲ್ಲ.

ಇಕ್ಕಟ್ಟಿನಿಂದ ಕೇಡು ಹೇಗೆ ಉಂಟಾಗುವುದೆಂಬುದನ್ನು ಸ್ವಲ್ಪ ವಿವರಿಸಬೇಕು. ಕೋಳಿಗೆ ಮೂತ್ರವೂ ಮಲವೂ ಒಂದಾಗಿಯೇ ಬೀಳುವುದರಿಂದ ಅದರ ಹಿಕ್ಕೆಯಲ್ಲಿ ನೀರಿನ ಅಂಶವೇ ಬಹಳ. ನೆಲವು ವಿಶಾಲವಾಗಿದ್ದು ಭತ್ತದ ಹೊಟ್ಟು ಹಾಸಿದ್ದರೆ ಈ ತೇವವು ಒಣಗಲು ಅವಕಾಶವಿರುತ್ತದೆ. ಇಕ್ಕಟ್ಟಿನಲ್ಲಿ ಒಣಗುವುದಕ್ಕೆ ಮೊದಲೇ ಮತ್ತೊಂದು ಹಿಕ್ಕೆ ಮೇಲೆ ಬೀಳುತ್ತದೆ. ರಕ್ತಭೇದಿಗೆ ಕಾರಣವಾದ ಕಾಕ್ಸಿಡಿಯ ಎಂಬ ಸೂಕ್ಷ್ಮಜೀವಿಯ ಬೀಜಗಳು ಹಿಕ್ಕೆಯೊಡನೆ ಬಿದ್ದ ಕ್ಷಣದಲ್ಲಿಯೇ ರೋಗವನ್ನು ಹರಡಲಾರವು; ತೇವವೂ ಬೆಚ್ಚನೆಯ ಗಾಳಿಯೂ ದೊರೆತರೆ ಒಂದೆರಡು ದಿನಗಳಲ್ಲಿ ಆ ಶಕ್ತಿಯನ್ನು ಪಡೆಯುತ್ತವೆ. ಆದುದರಿಂದ ಒಣನೆಲವೇ ಈ ರೋಗಕ್ಕೆ ಅಗ್ಗವಾದ ತಡೆ. ಒದ್ದೆ ಹಾಸಿನಿಂದ ಏಳುವ ಅಮೋನಿಯ ಎಂಬ ಘಾಟುವಾಯುವು ಕೋಳಿಗಳ ಕಣ್ಣು, ಶ್ವಾಸನಾಳಗಳನ್ನು ಕೆಡಿಸಿ ಬೇರೆ ರೋಗಗಳಿಗೂ ದಾರಿ ಮಾಡುತ್ತದೆ. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಬೆಳಗಿನ ಜಾವ ಗೂಡಿನ ಬಾಗಿಲು ತೆರೆದೊಡನೆ ಬಗ್ಗಿ ಕೋಳಿಯ ತಲೆಯ ಮಟ್ಟಕ್ಕೆ ನಿಮ್ಮ ಮುಖವನ್ನು ಹಿಡಿಯಿರಿ. ಕಣ್ಣು ಉರಿದರೆ ಸ್ಥಳವೋ ಗಾಳಿಯೋ ಸಾಲದೆಂದು ಅರ್ಥ. ನಿಂತುಕೊಂಡು ಮೂಸಿ ನೋಡಿ ಚೆನ್ನಾಗಿದೆಯೆನ್ನುವವರು ತಮ್ಮ ಗಾಳಿಯನ್ನು ಪರೀಕ್ಷಿಸುತ್ತಾರೆಯೇ ಹೊರತು ಕೋಳಿಯ ಗಾಳಿಯನ್ನಲ್ಲ.

ಕುಕ್ಕಾಟದ ವಿಷಯವೂ ಸ್ಥಳಕ್ಕೇ ಸೇರಿದ್ದು. ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸನು 1920ರ ದಶಕದ ಆರಂಭದಲ್ಲಿ ಕೋಳಿಗಳ ಹಿಂಡಿನಲ್ಲಿ ಮೇಲು ಕೀಳಿನ ಒಂದು ಶ್ರೇಣಿಯಿರುವುದನ್ನು ವಿವರಿಸಿದನು. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ಹಿಮ್ಮೆಟ್ಟುತ್ತದೆ, ಅಲ್ಲಿಗೆ ಜಗಳ ಮುಗಿಯುತ್ತದೆ. ಹಿಮ್ಮೆಟ್ಟಲು ಸ್ಥಳವಿಲ್ಲದಿದ್ದರೆ ಕುಕ್ಕುವುದು ನಿಲ್ಲುವುದಿಲ್ಲ. ರಕ್ತ ಕಂಡ ಮೇಲಂತೂ ಇಡೀ ಹಿಂಡೇ ಆ ಬಡಜೀವದ ಮೇಲೆ ಬೀಳುತ್ತದೆ. ಮೇವಿನ ಪಾತ್ರೆಗಳೆರಡನ್ನು ಎದುರುಬದುರು ಮೂಲೆಗಳಲ್ಲಿಟ್ಟರೆ ಕೆಳಶ್ರೇಣಿಯ ಕೋಳಿಗೂ ಹೊಟ್ಟೆ ತುಂಬುತ್ತದೆ.

ಇನ್ನು ಅಳತೆಗಳು. ರಾತ್ರಿ ತಂಗಲು ಮಾತ್ರವಾದರೆ ನಾಟಿ ಕೋಳಿಯೊಂದಕ್ಕೆ ಒಂದರಿಂದ ಒಂದೂವರೆ ಚದರ ಅಡಿ ನೆಲ ಸಾಕೆನ್ನುವುದುಂಟು. ಮೇಲೆ ಹೇಳಿದ ಕಾರಣದಿಂದ ಈ ಲೆಕ್ಕವನ್ನು ನಂಬಬೇಡಿರಿ. ಹಗಲೂ ಒಳಗಿರಬೇಕಾದಾಗ ಹಗುರ ತಳಿಗೆ ಎರಡರಿಂದ ಎರಡೂವರೆ, ಭಾರದ ತಳಿಗೆ ಮೂರು ಚದರ ಅಡಿ ಬೇಕು. ಮೊಟ್ಟೆಯ ಪೆಟ್ಟಿಗೆಯನ್ನು ನೆಲದ ಮೇಲಿರಿಸಿದರೆ ಅದು ಆಕ್ರಮಿಸುವ ಜಾಗವನ್ನು ಲೆಕ್ಕದಿಂದ ಕಳೆಯತಕ್ಕದ್ದು. ಗೋಡೆಗೆ ತೂಗುಹಾಕಿದರೆ ಕಳೆಯಬೇಕಾಗಿಲ್ಲ. ನಾಲ್ಕೈದು ಹೇಂಟೆಗಳಿಗೆ ಒಂದು ಅಡಿ ಚೌಕದ ಒಂದು ಪೆಟ್ಟಿಗೆ ಸಾಕು. ಹೊರಗಿನ ಬೇಲಿಯ ಅಂಗಳವು ಕೋಳಿಯೊಂದಕ್ಕೆ ಎಂಟರಿಂದ ಹತ್ತು ಚದರ ಅಡಿಗೆ ಕಡಮೆಯಿರಬಾರದು, ಹೆಚ್ಚಿದ್ದಷ್ಟೂ ಲೇಸು.

ಕೂರುಗೋಲುಗಳ ವಿಷಯದಲ್ಲಿ ನಮ್ಮ ಜನರು ಉದಾಸೀನರು. ಎರಡು ಅಂಗುಲ ದಪ್ಪದ, ಅಂಚು ನಯವಾದ ಕೋಲಿನ ಮೇಲೆ ಕೋಳಿಯೊಂದಕ್ಕೆ ಎಂಟರಿಂದ ಹತ್ತು ಅಂಗುಲ ಉದ್ದ ಬೇಕು. ಕೋಲಿನಿಂದ ಕೋಲಿಗೆ ಒಂದಡಿ ಅಂತರ. ಎಲ್ಲ ಕೋಲುಗಳೂ ಒಂದೇ ಎತ್ತರದಲ್ಲಿರಲಿ. ಮೆಟ್ಟಿಲಿನಂತೆ ಕಟ್ಟಿದರೆ ಎಲ್ಲವೂ ಮೇಲಿನದಕ್ಕೇ ಹೋರಾಡುತ್ತವೆ. ಮರದ ಮೇಲೆ ಮಲಗಬಲ್ಲ ನಾಟಿ ಕೋಳಿಗೆ ಎತ್ತರದ ಅಡ್ಡಿಯಿಲ್ಲ. ಭಾರದ ತಳಿಯ ಕೋಳಿಗೆ ಎರಡಡಿಗಿಂತ ಎತ್ತರವಾದರೆ ಹಾರಿಳಿಯುವಾಗ ಅಂಗಾಲು ನೊಂದು ಬಾವುಗಟ್ಟುವ ಸಂಭವವಿದೆ.

ಗಾಳಿಕಂಡಿಗಳು ಕುಳಿತ ಕೋಳಿಯ ತಲೆಗಿಂತ ಮೇಲಿರಬೇಕು. ಚಳಿಯಾಗುವುದೆಂದು ಗೋಣಿಚೀಲ ತುರುಕಿ ಮುಚ್ಚುವವರು ಚಳಿಗಿಂತ ಕೆಟ್ಟದ್ದನ್ನು ಒಳಗೆ ಕೂಡಿಹಾಕುತ್ತಾರೆ. ಗರಿಯುಳ್ಳ ಕೋಳಿಗೆ ನಮ್ಮ ನಾಡಿನ ಚಳಿಯಿಂದ ಅಷ್ಟು ಭಯವಿಲ್ಲ. ಸೆಕೆಯ ಭಯವೇ ಹೆಚ್ಚು, ಏಕೆಂದರೆ ಕೋಳಿಗೆ ಬೆವರಿಲ್ಲ. ಬಾಯ್ದೆರೆದು ಏದುವುದೇ ಅದರ ಮುಖ್ಯ ಉಪಾಯ. ಗೂಡಿನ ಉದ್ದವನ್ನು ಪೂರ್ವ ಪಶ್ಚಿಮವಾಗಿಟ್ಟರೆ ಬೆಳಗು ಸಂಜೆಗಳ ಬಿಸಿಲು ಕಿರಿಯ ಗೋಡೆಗಳಿಗೆ ಮಾತ್ರ ತಾಗುತ್ತದೆ. ಗೋಡೆಯ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಬೇಕು. ಹಗಲು ಸಂದಿಗಳಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಕೋಳಿ ಉಣ್ಣೆಗೆ ಅವೇ ಮನೆಗಳು.

ಆ ಹೆಣ್ಣುಮಗಳು ಮರುವರ್ಷ ಮತ್ತೆ ಸಾಕಿದಳು. ಈ ಬಾರಿ ಹತ್ತೇ ಕೋಳಿಗಳು. ಆರು ಅಡಿಗೆ ಐದಡಿಯ ಗೂಡು, ಅಂದರೆ ಮೂವತ್ತು ಚದರ ಅಡಿ. ಅದಕ್ಕೆ ಹೊಂದಿಕೊಂಡು ಹನ್ನೆರಡು ಅಡಿಗೆ ಎಂಟಡಿಯ, ಬಿದಿರಿನ ತಡಿಕೆಯ ಅಂಗಳ. ಅಂಗಳದ ಅರ್ಧಕ್ಕೆ ಸೋಗೆಯ ಮಾಡನ್ನು ಇಳಿಸಿರುವುದರಿಂದ ಮಳೆಯಲ್ಲಿಯೂ ಕೋಳಿಗಳು ಒಣನೆಲದಲ್ಲಿ ಕೆದಕುತ್ತವೆ. ತಡಿಕೆಯ ಬುಡದಲ್ಲಿ ಅರ್ಧ ಅಂಗುಲ ಕಣ್ಣಿನ ತಂತಿಬಲೆಯನ್ನು ಒಂದಡಿ ಆಳಕ್ಕೆ ಹೂತಿರುವುದು ಮುಂಗುಸಿಗಾಗಿ. ಹೊಟ್ಟಿನ ಹಾಸು ನಾಲ್ಕು ಅಂಗುಲ ದಪ್ಪ. ದಿನವೂ ಕೆದಕಿ ಮೇಲೆ ಕೆಳಗೆ ಮಾಡುತ್ತಾಳೆ, ಒದ್ದೆಯಾದಷ್ಟನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತಾಳೆ. ಇನ್ನೂ ಹತ್ತು ಮರಿಗಳನ್ನು ತರಬಹುದೇ ಎಂದು ಆಕೆ ಕೇಳಿದಾಗ ನಾನು ಉತ್ತರ ಕೊಡುವ ಮೊದಲು ಅಳತೆಯ ಪಟ್ಟಿಯನ್ನು ತೆಗೆದೆನು; ಆಕೆ ನಕ್ಕಳು.

ಹೀಗೆ ಗೂಡನ್ನು ಹಿಗ್ಗಿಸಬೇಕೆಂದಿರುವವರು ಬಿದಿರನ್ನೂ ಸೋಗೆಯನ್ನೂ ಬೇಸಗೆಯಲ್ಲಿಯೇ ಒದಗಿಸಿಕೊಂಡು, ಮೃಗಶಿರ ಮಳೆ ಬೀಳುವುದರೊಳಗೆ ಮಾಡನ್ನು ಹೊದಿಸಿ, ಆಮೇಲೆ ಮರಿಗಳನ್ನು ತರತಕ್ಕದ್ದು.